ಎಣ್ಣೆ ಕಾಯದ ಒಲೆ

ಭೂಕಂಪದ ನಂತರ ಕಟ್ಟಿದ ಊರುಗಳಲ್ಲಿ ದಾರಿ ತಪ್ಪುವುದು ಬಹಳ ಸುಲಭ. ಹಳೆಯ ಊರಿನಲ್ಲಾದರೆ ಒಂದು ಬೇವಿನ ಮರ, ಒಂದು ಮುರುಕು ಗೋಡೆ, ಕಟ್ಟೆಯ ಮೇಲೆ ಕೆಮ್ಮುವ ಒಬ್ಬ ಮುದುಕ, ಏನಾದರೊಂದು ಗುರುತು ಇದ್ದೇ ಇರುತ್ತದೆ. ಇಲ್ಲಿ ಎಲ್ಲ ಬೀದಿಗಳೂ ನೇರ, ಎಲ್ಲ ಮನೆಗಳೂ ಒಂದೇ ಅಳತೆ. ಲೋಹಾರಾ ದಾಟಿದ ಮೇಲೆ ಸಿಗುವ ಅಂಥದೊಂದು ಊರಿಗೆ ಮೊದಲ ಸಲ ಹೋದ ದಿನ ನಾನು ಒಂದೇ ಮನೆಗೆ ಎರಡು ಸಲ ಹೋಗಿ ಒಂದೇ ಮಗುವನ್ನು ಎರಡು ಸಲ ತೂಗಿದೆ. ಎರಡನೆಯ ಸಲ ಆ ಮಗುವಿನ ತಾಯಿ ನಗು ತಡೆಯಲಾರದೆ, "ಬಾಯಾರ, ಅಷ್ಟರಾಗ ಏನರೇ ಹೆಚ್ಚಾಗ್ಯಾನೇನ್ರಿ?" ಎಂದು ಕೇಳಿದಳು. ನಾನೂ ನಕ್ಕು ಹೊರಗೆ ಬಂದೆ. ಬೀದಿ ಎರಡೂ ಕಡೆ ಒಂದೇ ತೆರನಾಗಿ ಮಲಗಿತ್ತು. ಯಾವ ಕಡೆಯಿಂದ ಬಂದೆ ಎಂಬುದೇ ಗೊತ್ತಾಗಲಿಲ್ಲ.

ಲಾತೂರು ಸೀಮೆಯ ಆ ಭೂಕಂಪವಾಗಿ ಆರೇಳು ವರ್ಷ ಕಳೆದಿತ್ತು. ನಾನು ಉಮರ್ಗಾದಲ್ಲಿ ಕೋಣೆ ಹಿಡಿದು, ಐದು ವರ್ಷದೊಳಗಿನ ಮಕ್ಕಳ ಆಹಾರ ನೋಡಿಕೊಳ್ಳುವ ಒಂದು ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದೆ. ನನ್ನ ತವರು ಭಾಲ್ಕಿ ಕಡೆ. ಹೀಗಾಗಿ ಮರಾಠಿ ನಾಲಿಗೆಗೆ ಹತ್ತಿತ್ತು, ಕನ್ನಡ ಹೊಟ್ಟೆಯೊಳಗೇ ಇತ್ತು. ತಕ್ಕಡಿಯನ್ನು ಬಾಗಿಲ ಚೌಕಟ್ಟಿಗೆ ತೂಗುಹಾಕಬೇಕು. ಮಗುವಿಗೆ ಚಡ್ಡಿಯಂಥ ಚೀಲ ತೊಡಿಸಿ ಅದಕ್ಕೆ ನೇತುಹಾಕಬೇಕು. ಮುಳ್ಳು ನಡುಗುತ್ತ ನಡುಗುತ್ತ ಒಂದು ಕಡೆ ನಿಲ್ಲುತ್ತದೆ. ಅದು ನಿಲ್ಲುವ ತನಕ ತಾಯಂದಿರು ಉಸಿರು ಹಿಡಿದುಕೊಂಡಿರುತ್ತಾರೆ, ನಾನೂ ಹಿಡಿದುಕೊಂಡಿರುತ್ತೇನೆ.

ನಾನು ಹೇಳಬೇಕೆಂದಿರುವ ಮನೆ ಆ ಊರಿನ ಕಡೆಯ ಬೀದಿಯದು. ಅದರಾಚೆ ಹೊಲಗಳೇ. ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಮಗ, ಸೊಸೆ, ಮತ್ತು ಎರಡು ತುಂಬಿ ಮೂರರ ಕಡೆ ನಡೆದಿದ್ದ ಒಬ್ಬ ಮೊಮ್ಮಗಳು. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ಎದುರಿನವರ ಮೊಣಕಾಲು ಮುಟ್ಟಿ ಮುಟ್ಟಿ ಆಡುವ ಮಾತು, ಇದು ಅಜ್ಜಿ. ನಾನು ಕನ್ನಡ ಆಡಿದ್ದು ಕೇಳಿ, "ಅಯ್ಯ, ನಮ್ಮ ಮಾತಿನಾಕಿ ಬಂದಾಳ ಬಾರವ್ವಾ" ಎಂದು ಕಂಬಳಿ ಹಾಸಿದಳು. ಹುಡುಗಿಯನ್ನು ತೂಗಿದೆ. ಮುಳ್ಳು ನಿಲ್ಲಬೇಕಾದ ಕಡೆಗಿಂತ ಬಹಳ ಕೆಳಗೆ ನಿಂತಿತು. ತೋಳಿನ ದಪ್ಪ ಅಳೆಯುವ ಬಣ್ಣದ ಪಟ್ಟಿ ಸುತ್ತಿದರೆ ಹಳದಿ. ಅದರಾಚೆ ಕೆಂಪು, ಕೆಂಪೆಂದರೆ ಆಸ್ಪತ್ರೆ. ಬಾಯಿ ತೆರೆಸಿ ನೋಡಿದೆ. ಮುಂದಿನ ಹಲ್ಲುಗಳೆಲ್ಲ ಕಪ್ಪಗೆ ಸವೆದಿದ್ದವು.

ಬಾಯಿ ತೆರೆಸಿದ್ದಕ್ಕೆ ಹುಡುಗಿ ಮೂಗು ಅರಳಿಸಿದಳು. ಅಳು ಇನ್ನೂ ಗಂಟಲಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಅಜ್ಜಿಯ ಕೈ ಸೊಂಟದ ಚಂಚಿಗೆ ಹೋಗಿತ್ತು. ಎಲೆ ಅಡಿಕೆ ಇಡುವ ಆ ಬಟ್ಟೆಯ ಚೀಲದಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಇದ್ದದ್ದು ಸಕ್ಕರೆ. ಒಂದು ಚಿಟಿಕೆ ಹುಡುಗಿಯ ನಾಲಿಗೆಯ ಮೇಲೆ ಬಿತ್ತು, ಅಳು ಅಲ್ಲೇ ಕರಗಿತು.

ನಿನ್ನೆ ಎದ್ದಾಗಿನಿಂದ ಮಲಗುವ ತನಕ ಮಗು ಏನೇನು ತಿಂದಿತು ಎಂದು ಒಂದೊಂದಾಗಿ ಕೇಳುವುದು ನಮ್ಮ ಪದ್ಧತಿ. ಬಟ್ಟಲು, ಚಮಚ ತಂದು ಎದುರಿಗಿಡಿಸಿ, ಎಷ್ಟು ಎಂದು ನೀರಿನಿಂದ ತೋರಿಸಲು ಹೇಳುತ್ತೇವೆ. ಸೊಸೆ ಹೇಳುತ್ತ ಹೋದಳು. ಎದ್ದ ಕೂಡಲೇ ಚಹಾ, ಅದರಲ್ಲಿ ಅದ್ದಿದ ಬಿಸ್ಕತ್ತು. ಆಮೇಲೆ ಸಕ್ಕರೆ ಉದುರಿಸಿದ ರೊಟ್ಟಿಯ ಚೂರು. ಮಧ್ಯಾಹ್ನ ತೆಳ್ಳನೆಯ ಜೋಳದ ಅಂಬಲಿ, ಎರಡು ತುತ್ತಿಗೇ ಹುಡುಗಿ ಬೇಡ ಎಂದಳಂತೆ. ಸಂಜೆ ಬತ್ತಾಸು, ಮತ್ತೆ ಚಹಾ. ನಡುನಡುವೆ ಆಯಿಯ ಚಂಚಿ. ಇಲ್ಲಿ ಅತ್ತೆಯನ್ನು ಆಯಿ ಎನ್ನುತ್ತಾರೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದು. "ಇದು ಊಟ ಅಲ್ಲ ಅಜ್ಜಿ, ಇರುವಿ ಸಾಕಿದ್ಹಂಗ ಆಯ್ತು," ಎಂದೆ. ಸಕ್ಕರೆ ಹಸಿವನ್ನು ಕೊಲ್ಲುತ್ತದೆ, ಹಲ್ಲು ತಿನ್ನುತ್ತದೆ, ಇಂದಿನಿಂದ ಚಂಚಿ ಬಂದ್, ಚಹಾ ಬಂದ್ ಎಂದು ಹೇಳಿದೆ. ಅಜ್ಜಿ ಚಂಚಿಯ ದಾರ ಬಿಗಿಯಾಗಿ ಕಟ್ಟಿದಳು. ಸೊಸೆಯ ಮುಖದಲ್ಲಿ ಮಾತ್ರ ಒಂದು ಸಣ್ಣ ಸಂತೋಷ ಕಂಡಿತು, ತಾನು ಆಡಲಾರದ ಮಾತನ್ನು ಬೇರೆ ಯಾರೋ ಆಡಿದರಲ್ಲ ಎಂದು.

ದೀಪಾವಳಿಯ ಹೊತ್ತಿಗೆ ಮತ್ತೆ ಹೋದೆ. ತಕ್ಕಡಿ ಕಟ್ಟುವಾಗಲೇ ಹುಡುಗಿ ಹಗುರಾಗಿರುವುದು ಕೈಗೆ ತಿಳಿದಿತ್ತು. ಮುಳ್ಳು ಕಳೆದ ಸಲಕ್ಕಿಂತ ಕೆಳಗೆ ನಿಂತಿತು. ಅವರು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಸಕ್ಕರೆ ನಿಂತಿತ್ತು, ಬಿಸ್ಕತ್ತು ನಿಂತಿತ್ತು. ಹುಡುಗಿ ಬೇರೇನನ್ನೂ ಹಿಡಿದಿರಲಿಲ್ಲ. ಹೊಟ್ಟೆಗೆ ಸೇರುತ್ತಿದ್ದ ಅಷ್ಟಿಷ್ಟು ಶಕ್ತಿಯೂ ತಪ್ಪಿಹೋಗಿ ಮೂಲೆಯಲ್ಲಿ ಅಜ್ಜಿಯ ಸೆರಗು ಹಿಡಿದು ಕೂತಿದ್ದಳು. ಅಳುತ್ತಲೂ ಇರಲಿಲ್ಲ. ಮಕ್ಕಳು ಅಳುವುದನ್ನು ಬಿಟ್ಟರೆ ನನಗೆ ಹೆದರಿಕೆಯಾಗುತ್ತದೆ.

ನಮ್ಮ ಡಾಕ್ಟರರಿಗೆ ತಿಳಿಸಿದೆ. ಮುಂದಿನ ತೂಕದಲ್ಲೂ ಹೀಗೇ ಇಳಿದರೆ ಲಾತೂರಿನ ವಾರ್ಡಿಗೆ ಸೇರಿಸಲೇಬೇಕು, ಇಷ್ಟು ಸೊರಗಿದ ಮಗುವಿಗೆ ಒಂದು ಭೇದಿ ಹತ್ತಿದರೂ ಉಳಿಸಿಕೊಳ್ಳುವುದು ಕಷ್ಟ ಎಂದರು. ಆಮೇಲೆ ಒಂದು ಮಾತು ಕೇಳಿದರು: "ಸಕ್ಕರೆ ತೆಗೆದಿರಿ, ಸರಿ. ಅದರ ಜಾಗದಲ್ಲಿ ಏನು ಇಟ್ಟಿರಿ?"

ಅದೇ ವಿಷಯ. ನಮ್ಮ ಯೋಜನೆಯ ಆಹಾರದ ಶಿಫಾರಸಿನಲ್ಲಿ ಎರಡು ಮಾತಿವೆ, ಸಕ್ಕರೆ ಕಡಿಮೆ, ಜಿಡ್ಡು ಸಾಕಷ್ಟು. ದೊಡ್ಡವರಿಗೆ ಎಣ್ಣೆ ತುಪ್ಪ ಕಡಿಮೆ ಮಾಡಿ ಎಂದು ಹೇಳಿ ಹೇಳಿ ನಮ್ಮ ಬಾಯಿಗೆ ಅದೇ ರೂಢಿ. ಸಣ್ಣ ಮಗುವಿನ ಲೆಕ್ಕ ಬೇರೆ. ಅದರ ಹೊಟ್ಟೆ ಚಿಕ್ಕದು. ನೀರು ನೀರಾದ ಅಂಬಲಿ ಎರಡು ತುತ್ತಿಗೇ ಅದನ್ನು ತುಂಬಿಬಿಡುತ್ತದೆ. ಅದೇ ಬಟ್ಟಲನ್ನು ಗಟ್ಟಿ ಮಾಡಿ ಒಂದು ಚಮಚ ಎಣ್ಣೆ ಬೆರೆಸಿದರೆ ತುತ್ತು ಅಷ್ಟೇ, ಶಕ್ತಿ ಹೆಚ್ಚು. ಒಂದು ಚಮಚ ಎಣ್ಣೆಯಲ್ಲಿ ಅಷ್ಟೇ ತೂಕದ ಸಕ್ಕರೆಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ. ನಾನು ಅರ್ಧ ಶಿಫಾರಸನ್ನು ಆ ಮನೆಗೆ ಕೊಟ್ಟು ಬಂದಿದ್ದೆ.

ಉಮರ್ಗಾದ ಪೇಟೆಯಲ್ಲಿ ಒಂದು ಬಾಟಲಿ ಕುಸುಬಿ ಎಣ್ಣೆ ಕೊಂಡು ಒಯ್ದೆ. ನುಚ್ಚು ಗಟ್ಟಿಯಾಗಿರಲಿ, ಚಮಚ ಓರೆ ಮಾಡಿದರೆ ಸುರಿಯಬಾರದು, ಪ್ರತಿ ಬಟ್ಟಲಿಗೆ ಒಂದು ಚಮಚ ಎಣ್ಣೆ ಕಾಯಿಸಿ ಹಾಕಿ ಎಂದು ತೋರಿಸಿದೆ. ಅಜ್ಜಿ ಬಾಟಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಮುಂದಿನ ಸಲ ಹೋದಾಗ ಬಾಟಲಿ ಮುಕ್ಕಾಲು ಖಾಲಿಯಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಕುಳಿತುಕೊಳ್ಳುವ ಮೊದಲೇ ತಕ್ಕಡಿ ಕಟ್ಟಿದೆ. ಮುಳ್ಳು ಅಲ್ಲೇ ಇತ್ತು.

ಆಗ ಮನೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಹಾಡೇ ಹಗಲಲ್ಲಿ ಗೋಡೆಯ ಗೂಡಿನಲ್ಲಿ ದೊಡ್ಡ ಹಣತೆಯೊಂದು ಉರಿಯುತ್ತಿತ್ತು. ಗೂಡಿನಲ್ಲಿ ಫೋಟೊ ಇರಲಿಲ್ಲ, ಫೋಟೊಗಳೂ ಬಿದ್ದ ಮನೆಯ ಮಣ್ಣಿನಲ್ಲೇ ಉಳಿದಿದ್ದವು. ಬರೀ ಜ್ವಾಲೆ, ಅದರ ಹಿಂದೆ ಬರೀ ಗೋಡೆ. ನನ್ನ ಬಾಟಲಿಯ ಎಣ್ಣೆ ಹೋದದ್ದು ಆ ಹಣತೆಗೇ. ಒಲೆಯ ಮೇಲಿನ ಗೋಡೆಯಲ್ಲಿ ಹೊಗೆಯ ಮಸಿ ಇತ್ತು, ಆದರೆ ಎಣ್ಣೆಯ ಜಿಡ್ಡಿರಲಿಲ್ಲ. ದೀಪಾವಳಿಯಲ್ಲಿ ಊರಿನ ಪ್ರತಿ ಮನೆಯವರೂ ಚಕ್ಕುಲಿ, ಶಂಕರಪಾಳಿ ಕೊಟ್ಟು ನನ್ನ ಚೀಲ ತುಂಬಿಸಿದ್ದರು. ಈ ಮನೆಯಲ್ಲಿ ನನಗೆ ಸಿಕ್ಕಿದ್ದು ಬರೀ ಚಹಾ. ಈ ಮನೆಯೊಳಗೆ ಒಗ್ಗರಣೆಯ ವಾಸನೆಯನ್ನು ನಾನು ಒಮ್ಮೆಯೂ ಮೂಸಿರಲಿಲ್ಲ. ಮಾಡಿನ ಕೆಳಗಿನ ಗೂಟದಲ್ಲಿ ಕಬ್ಬಿಣದ ಕಡಾಯಿಯೊಂದು ಬೋರಲಾಗಿ ತೂಗುತ್ತಿತ್ತು. ಅದಕ್ಕೆ ಜೇಡ ಮನೆ ಕಟ್ಟಿತ್ತು.

ಸೊಸೆ ನಳಕ್ಕೆ ಹೊರಟಾಗ, ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಾನೂ ಒಂದು ಕೊಡ ಹಿಡಿದು ಹಿಂಬಾಲಿಸಿದೆ. ನಳದಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಕೊಡ ತುಂಬುವಷ್ಟರಲ್ಲಿ ಅವಳು ಎಲ್ಲವನ್ನೂ ಹೇಳಿದಳು.

"ನಮ್ಮ ಮನಿಯಾಗ ಎಣ್ಣಿ ಕಾಸಂಗಿಲ್ರಿ. ಭೂಕಂಪ ಆದಾಗಿಂದ ಇಲ್ಲ. ಮಾವ ಹೋದ್ರು, ನನ್ನ ಹಿರೀ ಮಗ ಹೋದ. ದುಖವಟಾ ಆಗೂತನ ಕಡಾಯಿ ಇಡಬಾರದಲ್ರೀ."

"ಇಷ್ಟು ವರ್ಷ ಆಯ್ತಲ್ಲಾ. ದುಖವಟಾ ಮಾಡಲಿಲ್ಲೇನು?"

"ನಂದು ಆತ್ರಿ. ನನ್ನ ತವರಿನವರು ಬಂದು ಸೀರಿ ಉಡಿಸಿ, ಸಿಹಿ ಉಣಿಸಿ ಹೋದ್ರು. ಆಯಿದು ಯಾರ ಮಾಡಬೇಕ್ರಿ? ಆಕಿ ತವರಿನಾಗ ಯಾರೂ ಉಳದಿಲ್ಲ. ಒಲಿ ಆಕಿದು. ಆಕಿ ದುಃಖ ಇಳಿಲಾರ್ದ ನಾ ಹ್ಯಾಂಗ ಕಡಾಯಿ ಇಡ್ಲಿ?"

ದುಖವಟಾ ನನಗೆ ಗೊತ್ತಿಲ್ಲದ ಮಾತೇನಲ್ಲ. ಸಾವಾದ ಮನೆಯಲ್ಲಿ ಕರಿಯುವುದಿಲ್ಲ, ಒಗ್ಗರಣೆ ಕೊಡುವುದಿಲ್ಲ. ಮೊದಲ ಹಬ್ಬ ಬಂದಾಗ ಆ ಹೆಣ್ಣಿನ ತವರಿನವರು ಬಟ್ಟೆ, ಎಣ್ಣೆ, ಬೆಲ್ಲ ತಂದು, ತಾವೇ ನಿಂತು ಒಲೆಯ ಮೇಲೆ ಎಣ್ಣೆ ಹುಯ್ಯಿಸಿ, ಅವಳ ಬಾಯಿಗೆ ಸಿಹಿ ಇಡುತ್ತಾರೆ. ಅಲ್ಲಿಗೆ ಮನೆ ದುಃಖದಿಂದ ಏಳುತ್ತದೆ. ಈ ಒಲೆಯನ್ನು ಎಬ್ಬಿಸುವವರು ಮಾತ್ರ ಯಾರೂ ಉಳಿದಿರಲಿಲ್ಲ.

ಅಜ್ಜಿಯ ಬಳಿ ಕೂತು ನೇರವಾಗಿ ಕೇಳಿದೆ. ನಿಮ್ಮಲ್ಲಿ, ಲಿಂಗ ಕಟ್ಟಿದವರಲ್ಲಿ, ಸೂತಕವೇ ಇಲ್ಲವಲ್ಲ ಅಜ್ಜಿ ಎಂದೆ.

"ಖರೇ ಮಾತು. ದೇವರ ಲೆಕ್ಕದಾಗ ಸೂತಕ ಇಲ್ಲ," ಎಂದಳು. "ಒಲಿ ಲೆಕ್ಕ ಬ್ಯಾರೆ ಅದ."

ಗೂಡಿನ ಹಣತೆಯ ಬತ್ತಿ ಸರಿಮಾಡುತ್ತ ಅವಳೇ ಮಾತು ಮುಂದುವರಿಸಿದಳು. "ಮೊಮ್ಮಗ ಕಲ್ಲಿನ ತೆಳಗ ಅಳ್ತಿದ್ದ. ನಾವು ಮ್ಯಾಲ ಕಲ್ಲ ತಗೀತಿದ್ದಿವಿ. ಹೊತ್ತ ಏರೂತನ ಅಳ್ತಿದ್ದ. ನನಗ ಏನೂ ಕೊಡ್ಲಿಕ್ಕೆ ಆಗ್ಲಿಲ್ಲ. ಕೈ ಸೈತ ಮುಟ್ಲಿಲ್ಲ. ಈಗ ಈ ಹುಡುಗಿ ಬಾಯಿ ತೆರದ್ರ ನನ್ನ ಕೈ ತಾನಾಗೇ ಚಂಚಿಗಿ ಹೋಗ್ತದ. ನೀ ಬೈದಿ. ಬೈ. ಕೈಗಿ ಬೈ."

ನನಗೆ ಅಳು ಬಂತು. ಅತ್ತುಬಿಟ್ಟೆ. ಇರುವೆಯ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದೆಂದು ತಿಳಿಯದೆ, ನಾನೇ ದುಖವಟಾ ತರುತ್ತೇನೆ, ನಾನೂ ಈ ಸೀಮೆಯವಳೇ, ನನ್ನನ್ನೇ ತವರಿನವಳು ಅಂದುಕೋ ಎಂದೆ. ಅಜ್ಜಿ ನನ್ನ ಗದ್ದ ಹಿಡಿದು ನಕ್ಕಳು.

"ನೀ ಸರ್ಕಾರದಾಕಿ, ನನ್ನವ್ವ. ಸರ್ಕಾರ ನನಗ ಮನಿ ಕೊಟ್ಟದ. ತವರ ಕೊಡ್ಲಿಕ್ಕೆ ಬರಂಗಿಲ್ಲ."

ನಾನು ಸರ್ಕಾರದವಳಲ್ಲ ಎಂದು ಹೇಳಿ ಪ್ರಯೋಜನವಿರಲಿಲ್ಲ. ಹುಡುಗಿಯನ್ನು ಆ ವಾರವೇ ವಾರ್ಡಿಗೆ ಕಳಿಸಿಬಿಡುವುದು ನನಗೆ ಸುಲಭದ ದಾರಿ. ಅಲ್ಲಿ ತೂಕ ಏರುತ್ತಿತ್ತು, ನಿಜ. ಆದರೆ ತಿರುಗಿ ಬರುವುದು ಇದೇ ಒಲೆಗೆ, ಇದೇ ಚಂಚಿಗೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ. ಎಳ್ಳಮಾಸಿ, ಹೊಲದಲ್ಲಿ ಉಣ್ಣುವ ಎಳ್ಳು ಅಮಾವಾಸ್ಯೆಯ ಹಬ್ಬ, ಹತ್ತಿರ ಬಂದಿತ್ತು, ಜೋಳ ಎದೆಯುದ್ದ ನಿಂತಿತ್ತು. ದುಖವಟಾಕ್ಕೆ ಹಬ್ಬವೇ ತಕ್ಕ ಹೊತ್ತು, ಅಷ್ಟರೊಳಗೆ ಅಜ್ಜಿಯ ತವರಿನ ಕಡೆಯವರನ್ನು ಯಾರನ್ನಾದರೂ ಹುಡುಕಬೇಕು. ಉಮರ್ಗಾದಲ್ಲಿ ಇಳಿದ ಮೇಲೆ ಡಾಕ್ಟರರ ಬಳಿ ಹೋಗಿ ಹಬ್ಬದ ತನಕ ಸಮಯ ಕೊಡಿ ಎಂದು ಬೇಡಿದೆ. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಅಂಗನವಾಡಿಯ ಕಾರ್ಯಕರ್ತೆ ದಿನವೂ ಹುಡುಗಿಯನ್ನು ನೋಡಬೇಕು, ಪಟ್ಟಿ ಕೆಂಪಿಗೆ ಬಂದರೆ ಯಾರ ಮಾತೂ ಕೇಳುವಂತಿಲ್ಲ.

ಅಜ್ಜಿಯ ತವರು ನಿಲಂಗಾ ತಾಲೂಕಿನ ಒಂದು ಹಳ್ಳಿ. ಅದೂ ಬಿದ್ದ ಊರು, ಅದನ್ನೂ ಬೇರೆ ಕಡೆ ಕಟ್ಟಿದ್ದರು. ಅಲ್ಲಿಗೆ ಹೋದರೆ ಅದೇ ನೇರ ಬೀದಿ, ಅದೇ ಮನೆಗಳು. ಬಸ್ಸು ಸುತ್ತಾಡಿ ನನ್ನನ್ನು ಹೊರಟ ಊರಿಗೇ ತಂದು ಬಿಟ್ಟಂತೆ ಅನಿಸಿತು. ಕಡೆಯ ಬೀದಿಗೆ ಹೋದರೆ ಅದೇ ಅಜ್ಜಿ ಕಂಬಳಿ ಹಾಸುತ್ತಾಳೆ ಎಂದು ಅರೆಗಳಿಗೆ ನಂಬಿಯೂ ಬಿಟ್ಟೆ. ಅಲ್ಲಿನವರಿಗೆ ಅವಳ ತಮ್ಮನ ಮನೆ ನೆನಪಿತ್ತು. ಯಾರೂ ಉಳಿದಿಲ್ಲ, ಗೋಡೆಯೂ ಉಳಿದಿಲ್ಲ ಎಂದರು. ಒಬ್ಬ ಹೆಂಗಸು ಮಾತ್ರ, "ಅವ್ರ ಓಣ್ಯಾಗ ಗಾಣದಂವಾ ಒಬ್ಬ ಇದ್ದ. ಅಂವಾ ಉದಗೀರಕ್ಕ ಮಗಳ ಮನಿಗಿ ಹೋಗ್ಯಾನ. ಇದ್ದಾನೋ ಇಲ್ಲೋ ಗೊತ್ತಿಲ್ಲ," ಎಂದಳು.

ಉದಗೀರದ ಕೋಟೆಯ ಕೆಳಗೆ ಒಂದು ಇಕ್ಕಟ್ಟಾದ ಓಣಿ. ನೇರ ಬೀದಿಗಳನ್ನೇ ನೋಡಿ ನೋಡಿ ದಣಿದಿದ್ದ ಕಣ್ಣಿಗೆ ಅದರ ಸೊಟ್ಟ ತಿರುವುಗಳು ಹಿತವಾದವು. ಮುದುಕ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ನಾನು ಅಜ್ಜಿಯ ಹೆಸರು ಹೇಳಿದೆ. ಅವನು ಕಣ್ಣು ತೆರೆಯಲಿಲ್ಲ.

"ಆಕಿ ಹೋಗಿ ಭಾಳ ವರ್ಷ ಆತಲ್ಲವಾ. ಅದೇ ಭೂಕಂಪದ ಬೆಳಿಗ್ಗಿ," ಎಂದ.

"ಇಲ್ಲ ಅಜ್ಜಾ. ಅದಾಳ. ಮೊಮ್ಮಗಳು ಅದಾಳ."

ಅವನು ಕಣ್ಣು ತೆರೆದು ನನ್ನ ಕಡೆ ತಿರುಗಿದ. "ಸಣ್ಣಾಕಿದ್ದಾಗ ನಮ್ಮ ಗಾಣಕ್ಕ ಬಂದು ಕೂಡ್ತಿದ್ಲು. ಎತ್ತ ತಿರಗ್ತಿದ್ರ ಆಕೀನೂ ನೊಗದ ಕಟ್ಟಿಗಿ ಮ್ಯಾಲ ಕುಂತು ತಿರಗ್ತಿದ್ಲು. ಇಳಿ ಅಂದ್ರ ಇಳೀತಿದ್ದಿಲ್ಲ," ಎಂದ. ನಾನು ದುಖವಟಾದ ಮಾತು ಹೇಳಿದೆ. ರಕ್ತಸಂಬಂಧ ಅಲ್ಲ, ಇದು ನಡೆಯುತ್ತದೆಯೋ ಇಲ್ಲವೋ ಎಂದು ನನಗೇ ಅನುಮಾನವಿತ್ತು. ಅವನಿಗೆ ಇರಲಿಲ್ಲ. "ಊರ ಮಗಳು ಅಂದ್ರ ಎಲ್ಲಾರ ಮಗಳು. ಊರಾಗ ನಾನೊಬ್ಬ ಉಳದೀನಂದ್ರ ನಾನೇ ಆಕಿ ಅಣ್ಣ," ಎಂದು ಮಗಳನ್ನು ಕೂಗಿ ಮುಂಡಾಸ ತರಲು ಹೇಳಿದ.

ಎಳ್ಳಮಾಸಿಯ ಹಿಂದಿನ ದಿನ ಅವನು ಬಂದ. ನಾನು ಉಮರ್ಗಾ ಸ್ಟ್ಯಾಂಡಿನಲ್ಲಿ ಇದಿರುಗೊಂಡು ಕರೆದುಕೊಂಡು ಹೋದೆ. ಬಗಲಲ್ಲಿ ಅಗಲ ದಡಿಯ ಸೀರೆ, ಬೆಲ್ಲದ ಪೆಂಟೆ, ಕೈಯಲ್ಲಿ ಎಣ್ಣೆಯ ತಂಬಿಗೆ. ದಾರಿಯುದ್ದಕ್ಕೂ ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಇನ್ನೊಬ್ಬರು ಸತ್ತವರೇ ಆಗಿದ್ದರು.

"ಇಳೀತಿಯೋ ಇಲ್ಲೋ?" ಎಂದ ಮುದುಕ.

ಅಜ್ಜಿ ಹೊಸ್ತಿಲ ಮೇಲೆಯೇ ಕುಸಿದು ಕೂತು ಬಾಯಿ ಬಿಟ್ಟು ಅತ್ತಳು. ಆರೇಳು ವರ್ಷದ ಅಳು, ಬೀದಿಯ ಮನೆಗಳೆಲ್ಲ ಬಾಗಿಲು ತೆರೆದವು. ಯಾರೂ ಸಮಾಧಾನ ಮಾಡಲು ಬರಲಿಲ್ಲ, ಬರುವುದೂ ಪದ್ಧತಿಯಲ್ಲ.

ಆಮೇಲೆ ಸೊಸೆ ಕಡಾಯಿ ಇಳಿಸಿದಳು. ಬೂದಿ ಹಾಕಿ ತಿಕ್ಕಿದಳು, ತುಕ್ಕು ಹೋಗುವಷ್ಟು ತಿಕ್ಕಿದಳು. ಅಜ್ಜಿ ಹೊಸ ಸೀರೆ ಉಟ್ಟು ಒಲೆಯ ಮುಂದೆ ಕೂತಳು. ಮುದುಕ ತಂಬಿಗೆ ಬಗ್ಗಿಸಿ ಎಣ್ಣೆ ಹುಯ್ದ. ಬೆಲ್ಲದ ಗಾರಿಗೆ ತಟ್ಟಿ ಮೊದಲನೆಯದನ್ನು ಬಿಟ್ಟಾಗ ಚೊಂಯ್ ಎಂದು ಸದ್ದಾಯಿತು. ಹುಡುಗಿ ಚೀರಿ ಓಡಿಬಂದು ನನ್ನ ತಕ್ಕಡಿಯ ಚೀಲದ ಹಿಂದೆ ಅಡಗಿದಳು. ಹುಟ್ಟಿದಾಗಿನಿಂದ ಅವಳು ತನ್ನ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ. ಮುದುಕ ಅಜ್ಜಿಯ ಬಾಯಿಗೆ ಗಾರಿಗೆಯ ಚೂರಿಟ್ಟ. ಶಿಫಾರಸು ಬೇಡವೆನ್ನುವ ಬೆಲ್ಲ, ಬೇಕೆನ್ನುವ ಎಣ್ಣೆ, ಎರಡೂ ಆ ಒಂದು ಚೂರಿನಲ್ಲಿದ್ದವು. ನಾನು ಬಾಯಿ ಮುಚ್ಚಿಕೊಂಡು ನನ್ನ ಪಾಲಿನದನ್ನು ತಿಂದೆ.

ಅಂದು ಹುಡುಗಿ ಹೆಚ್ಚೇನೂ ತಿನ್ನಲಿಲ್ಲ. ಕೆಲಸ ಶುರುವಾದದ್ದು ಅಲ್ಲಿಂದ. ಗಟ್ಟಿ ನುಚ್ಚಿಗೆ ಕಾಸಿದ ಎಣ್ಣೆ, ಬೆಳ್ಳುಳ್ಳಿ. ರೊಟ್ಟಿಯನ್ನು ಹಿಸುಕಿ ಬೇಳೆಯಲ್ಲಿ ನೆನೆಸಿ, ಅದರ ಮೇಲೆ ಹುರಿದು ಕುಟ್ಟಿದ ಶೇಂಗಾ ಹಿಂಡಿ. ಹೊತ್ತಿಗೆ ಎರಡೇ ತುತ್ತಾದರೂ ಸರಿ, ಆದರೆ ದಿನಕ್ಕೆ ಹಲವು ಹೊತ್ತು. ಚಹಾಕ್ಕೆ ಮೊದಲು ಊಟ. ಚಂಚಿಯನ್ನು ನಾನು ಮತ್ತೆ ಬಂದ್ ಮಾಡಿಸಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಒಂದು ಚಿಟಿಕೆ ಇರಲಿ ಎಂದೆ. ಅಜ್ಜಿ ದಿಟ್ಟಿಸಿ ನೋಡಿ, "ಈಗ ಶಾಣ್ಯಾ ಆದಿ," ಎಂದಳು. ಒಂದು ವಾರ ಹುಡುಗಿ ಭೇದಿ ಹತ್ತಿ ಮತ್ತೆ ಸೊರಗಿದಳು. ಉಪ್ಪು ಸಕ್ಕರೆಯ ನೀರು ಕುಡಿಸುತ್ತ ಆ ದಿನಗಳನ್ನು ಹೇಗೆ ಕಳೆದೆವೋ. ಪಟ್ಟಿ ಕೆಂಪಿಗೆ ಹತ್ತಿರ ಹೋಗಿ ನಿಂತಿತು, ದಾಟಲಿಲ್ಲ. ಆಮೇಲಿನ ತೂಕದಲ್ಲಿ ಮುಳ್ಳು ನಡುಗಿ ನಡುಗಿ ಒಂದು ಗೆರೆ ಮೇಲೆ ನಿಂತಿತು. ಡಾಕ್ಟರರು ವಾರ್ಡಿನ ಮಾತು ಬಿಟ್ಟರು.

ಕುಸುಬಿ ಹೂ ಬಿಟ್ಟು ಊರಿನ ಸುತ್ತ ಹೊಲವೆಲ್ಲ ಹಳದಿ, ಕೇಸರಿಯಾಗಿದ್ದ ಒಂದು ಮಧ್ಯಾಹ್ನ ನಾನು ಆ ಬೀದಿಗೆ ತಿರುಗಿದೆ. ಮನೆ ಹುಡುಕಬೇಕಾಗಲಿಲ್ಲ, ಒಗ್ಗರಣೆಯ ವಾಸನೆ ಅಲ್ಲಿಂದಲೇ ಬರುತ್ತಿತ್ತು. ಜೊತೆಗೆ ಅಳುವಿನ ಸದ್ದು. ನಾನು ಗಾಬರಿಯಿಂದ ಹೆಜ್ಜೆ ಚುರುಕು ಮಾಡಿದೆ.

ಒಳಗೆ ಹುಡುಗಿ ಖಾಲಿ ಬಟ್ಟಲನ್ನು ನೆಲಕ್ಕೆ ಬಡಿಯುತ್ತ, ಮುಖ ಕೆಂಪಗೆ ಮಾಡಿಕೊಂಡು, ಇಡೀ ಮೈಯಿಂದ ಅಳುತ್ತಿದ್ದಳು. ಒಲೆಯ ಮೇಲಿಂದ ಆಗಷ್ಟೇ ಇಳಿದ ನುಚ್ಚಿನಿಂದ ಹಬೆ ಏಳುತ್ತಿತ್ತು. ಅಜ್ಜಿ ಅದನ್ನು ಸಾವಕಾಶವಾಗಿ ತಟ್ಟೆಯಲ್ಲಿ ಹರಡಿ ಆರಿಸುತ್ತಿದ್ದಳು. ಸೊಸೆ ಓಡಿಬಂದು ಹುಡುಗಿಯನ್ನು ಎತ್ತಿಕೊಳ್ಳಲು ಬಗ್ಗಿದಳು.

ಅಜ್ಜಿ ಕೈ ಅಡ್ಡ ಹಿಡಿದಳು. "ಅಳ್ಲಿ ಬಿಡು," ಎಂದಳು. "ಹಸದು ಅಳ್ಲಿಕತ್ತಾಳ."